ವಿಮಾನದೂರ ಮತ್ತು ಪಯಣಕಾಲ: ತೊತೆಗೆಗಿಯೆ–ಮಾತಾವೇರಿ ನಿಲ್ದಾಣಗಳನ್ನು ಕುರಿತ ಒಂದು ಜಾನಪದೀಯ ಪರಿಶೀಲನೆ

1. ಪೀಠಿಕೆ

ದೂರವನ್ನು ಕಾಲದಿಂದ ಅಳೆಯುವ ಪರಿಪಾಠ ನಮ್ಮ ಜನಪದರಲ್ಲಿ ಬಹು ಹಳೆಯದು. ‘ಕೂಗಳತೆ’ ಎಂಬುದು ದನಿ ತಲುಪುವ ಎಲ್ಲೆ. ‘ಹರದಾರಿ’ ಸಾಮಾನ್ಯವಾಗಿ ಮೂರು ಮೈಲಿ ಎಂದು ಹೇಳಲಾಗುವ ನಡಿಗೆಯ ಅಳತೆ. ಅದರ ನಾಲ್ಕರಷ್ಟು ‘ಗಾವುದ’. ನಿಘಂಟುಗಳು ಇವುಗಳಿಗೆ ಖಚಿತವಾದ ಮೈಲಿಗಳನ್ನು ಕೊಡುತ್ತವೆ. ಆದರೆ ಕ್ಷೇತ್ರಕಾರ್ಯದಲ್ಲಿ ಕಾಣುವ ಬಳಕೆ ಅಷ್ಟು ಖಚಿತವಾಗಿರುವುದಿಲ್ಲ. ಮಲೆನಾಡಿನ ಒಂದು ಊರಿನಲ್ಲಿ ಘಟ್ಟದ ಕೆಳಗಿನ ಹಳ್ಳಿ ಎಷ್ಟು ದೂರವೆಂದು ಕೇಳಿದಾಗ ಹಿರಿಯರೊಬ್ಬರು, ಇಳಿಯುವಾಗ ಒಂದೂವರೆ ಹರದಾರಿ, ಹತ್ತುವಾಗ ಎರಡು ಎಂದರು. ಒಂದೇ ದಾರಿಗೆ ಎರಡು ದೂರ ಹೇಗೆ ಎಂದು ಕೇಳಿದ್ದಕ್ಕೆ, ತಲೆಯ ಮೇಲೆ ಹೊರೆಯಿದ್ದರೆ ಮೂರೂ ಆಗುತ್ತದೆ ಎಂಬ ಉತ್ತರ ಬಂದಿತು. ಆ ಹಿರಿಯರು ನೆಲವನ್ನಲ್ಲದೆ ಪಯಣವನ್ನು ಅಳೆಯುತ್ತಿದ್ದರು ಎಂಬುದು ನನಗೆ ಮನವರಿಕೆಯಾದದ್ದು ಆ ಘಟ್ಟವನ್ನು ಹತ್ತಿ ಬಂದ ಮೇಲೆ.

ಆಧುನಿಕ ವಿಮಾನಯಾನ ಈ ಬಗೆಯ ಅಳತೆಯನ್ನು ಹಿಂದಿಕ್ಕಿದೆ ಎಂಬುದು ಸಾಮಾನ್ಯ ಗ್ರಹಿಕೆ. ಎರಡು ನಿಲ್ದಾಣಗಳ ಅಕ್ಷಾಂಶ ರೇಖಾಂಶಗಳು ತಿಳಿದರೆ ಅವುಗಳ ನಡುವಣ ದೂರವನ್ನು ಲೆಕ್ಕ ಹಾಕಬಹುದು; ವೇಗದಿಂದ ಭಾಗಿಸಿದರೆ ಪಯಣಕಾಲ ದೊರೆಯುತ್ತದೆ. ಈ ಲೆಕ್ಕ ಎಲ್ಲಿಯವರೆಗೆ ನಿಲ್ಲುತ್ತದೆ, ಎಲ್ಲಿ ಮುರಿದು ಬೀಳುತ್ತದೆ ಎಂಬುದನ್ನು ಜಗತ್ತಿನ ಅತ್ಯಂತ ಒಂಟಿಯಾದ ಎರಡು ವಿಮಾನ ನಿಲ್ದಾಣಗಳ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಅವು ಆಗ್ನೇಯ ಶಾಂತಸಾಗರದಲ್ಲಿರುವ ಗ್ಯಾಂಬಿಯರ್ ದ್ವೀಪಸ್ತೋಮದ ತೊತೆಗೆಗಿಯೆ ಮತ್ತು ಈಸ್ಟರ್ ದ್ವೀಪವೆಂದು ಹೊರಗಿನವರು ಕರೆಯುವ ರಾಪಾ ನುಯಿಯ ಮಾತಾವೇರಿ. ಈ ದ್ವೀಪಗಳನ್ನು ನಾನು ಕಂಡವನಲ್ಲ. ಪ್ರಕಟಿತ ಅಧ್ಯಯನಗಳೇ ನನಗೆ ಆಧಾರ. ಆದರೂ ಇವುಗಳನ್ನು ಆಯ್ದುಕೊಳ್ಳಲು ಕಾರಣವಿದೆ. ಇವು ಪರಸ್ಪರ ನೆರೆಯ ನಿಲ್ದಾಣಗಳು. ಇವುಗಳ ಜನರು ಒಂದೇ ಭಾಷಾಕುಲಕ್ಕೆ ಸೇರಿದವರು. ಆದರೂ ಇವುಗಳ ನಡುವೆ ನೇರ ವಿಮಾನಸೇವೆಯಿಲ್ಲ.

2. ಲೆಕ್ಕದ ದೂರ

ತೊತೆಗೆಗಿಯೆ ಸುಮಾರು 23.1 ಡಿಗ್ರಿ ದಕ್ಷಿಣ ಅಕ್ಷಾಂಶ, 134.9 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿದೆ. ಮಾತಾವೇರಿ 27.2 ಡಿಗ್ರಿ ದಕ್ಷಿಣ, 109.4 ಡಿಗ್ರಿ ಪಶ್ಚಿಮದಲ್ಲಿದೆ. ಗೋಳದ ಮೇಲಿನ ಎರಡು ಬಿಂದುಗಳ ನಡುವಣ ಅತಿ ಸಮೀಪದ ಹಾದಿಯನ್ನು ಮಹಾವೃತ್ತದ ಕಂಸ ಎನ್ನುತ್ತಾರೆ. ಭೂಮಿಯ ಕೇಂದ್ರದಿಂದ ಈ ಎರಡು ನಿಲ್ದಾಣಗಳ ಕಡೆಗೆ ಗೆರೆಗಳನ್ನೆಳೆದರೆ ಅವುಗಳ ನಡುವೆ ಏರ್ಪಡುವ ಕೋನ ಸುಮಾರು 23.4 ಡಿಗ್ರಿ. ಮಹಾವೃತ್ತದ ಒಂದು ಡಿಗ್ರಿ ಸುಮಾರು 111.2 ಕಿಲೋಮೀಟರುಗಳಷ್ಟಿರುವುದರಿಂದ ಈ ದೂರ 2,600 ಕಿಲೋಮೀಟರು, ಅಂದರೆ 1,400 ನಾವಿಕ ಮೈಲಿ. ಭೂಪಟದಲ್ಲಿ ಎಳೆದ ನೇರಗೆರೆಗೆ ಹೋಲಿಸಿದರೆ ಈ ಹಾದಿ ನಡುವೆ ಕೊಂಚ ದಕ್ಷಿಣಕ್ಕೆ ಬಾಗುತ್ತದೆ.

ಗಂಟೆಗೆ 800 ಕಿಲೋಮೀಟರು ಕ್ರಮಿಸುವ ಜೆಟ್ ವಿಮಾನಕ್ಕೆ ಇದು ಮೂರೂಕಾಲು ಗಂಟೆಯ ದಾರಿ. ಏರುವ ಇಳಿಯುವ ಕಾಲವನ್ನು ಸೇರಿಸಿ ಮೂರೂವರೆ ಗಂಟೆ ಎಂದಿಟ್ಟುಕೊಳ್ಳಬಹುದು. ಈ ಅಕ್ಷಾಂಶಗಳ ಮೇಲ್ವಾಯುಮಂಡಲದಲ್ಲಿ ಗಾಳಿ ಹೆಚ್ಚಾಗಿ ಪಡುವಣದಿಂದ ಮೂಡಣಕ್ಕೆ ಬೀಸುವುದರಿಂದ ಮರಳುವ ದಾರಿ ಕೆಲ ನಿಮಿಷ ದೀರ್ಘವಾಗುತ್ತದೆ. ಅದನ್ನು ನಾಲ್ಕು ಗಂಟೆ ಎನ್ನೋಣ. ಇದೇ ಕಾರಣದಿಂದ ಚಿಲಿ ದೇಶದ ರಾಜಧಾನಿ ಸಾಂತಿಯಾಗೊದಿಂದ ಮಾತಾವೇರಿಗೆ ಹೋಗಲು ಐದೂವರೆ ಗಂಟೆಯ ಆಸುಪಾಸು ಹಿಡಿದರೆ, ಅದೇ 3,750 ಕಿಲೋಮೀಟರುಗಳನ್ನು ಹಿಂದಿರುಗಿ ಬರಲು ಅದಕ್ಕಿಂತ ಕಡಿಮೆ ಸಾಕು. ಘಟ್ಟ ಹತ್ತುವ ಎರಡು ಹರದಾರಿ, ಇಳಿಯುವ ಒಂದೂವರೆ ಹರದಾರಿಗಳ ತರ್ಕ ವಿಮಾನಗಳ ವೇಳಾಪಟ್ಟಿಯಲ್ಲಿಯೂ ಉಳಿದಿದೆಯೆಂಬುದು ಗಮನಾರ್ಹ.

3. ಗಡಿಯಾರದ ದೂರ

ಲೆಕ್ಕದ ಕಾಲಕ್ಕೂ ಗಡಿಯಾರ ತೋರಿಸುವ ಕಾಲಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ವಿವರಿಸುವುದು ಅಗತ್ಯ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಎರಡು ನಿಲ್ದಾಣಗಳ ರೇಖಾಂಶಗಳ ಅಂತರ 25.5 ಡಿಗ್ರಿ. ಎಂದರೆ ಮಾತಾವೇರಿಯಲ್ಲಿ ಸೂರ್ಯ ನೆತ್ತಿಗೆ ಬಂದ 1 ಗಂಟೆ 42 ನಿಮಿಷಗಳ ತರುವಾಯ ತೊತೆಗೆಗಿಯೆಯಲ್ಲಿ ಮಧ್ಯಾಹ್ನವಾಗುತ್ತದೆ. ಇದು ಸೂರ್ಯನ ಲೆಕ್ಕ.

ಗಡಿಯಾರಗಳ ಅಂತರವಾದರೋ ಮೂರು ಗಂಟೆ. ಗ್ಯಾಂಬಿಯರ್ ದ್ವೀಪಗಳ ಗಡಿಯಾರ ಗ್ರೀನಿಚ್ ಕಾಲಕ್ಕಿಂತ 9 ಗಂಟೆ ಹಿಂದಿದ್ದು ಅಲ್ಲಿಯ ಸೂರ್ಯನಿಗೆ ಹೊಂದುತ್ತದೆ. ರಾಪಾ ನುಯಿಯ ಗಡಿಯಾರ ಸೂರ್ಯನಿಗೆ ಹೊಂದಬೇಕಾದರೆ 7 ಗಂಟೆಗಳಿಗೂ ಹೆಚ್ಚು ಹಿಂದಿರಬೇಕು; ಆದರೆ ಅದು 6 ಗಂಟೆ ಮಾತ್ರ ಹಿಂದಿದೆ. ಚಿಲಿಯ ಬೇಸಿಗೆಯಲ್ಲಿ ಗಡಿಯಾರವನ್ನು ಇನ್ನೂ ಒಂದು ಗಂಟೆ ಮುಂದಕ್ಕೆ ಸರಿಸಲಾಗುತ್ತದೆ. ದ್ವೀಪದ ಕಾಲವನ್ನು ರಾಜಧಾನಿಯ ಕಾಲದಿಂದ ಎರಡು ಗಂಟೆಗಿಂತ ಹೆಚ್ಚು ದೂರ ಹೋಗದಂತೆ ಹಿಡಿದಿಟ್ಟಿರುವುದೇ ಇದಕ್ಕೆ ಕಾರಣ.

ನೇರ ವಿಮಾನವೊಂದಿದೆ ಎಂದು ಊಹಿಸಿಕೊಂಡರೆ ಇದರ ಪರಿಣಾಮ ವಿಚಿತ್ರವಾಗಿರುತ್ತದೆ. ಬೆಳಿಗ್ಗೆ 10 ಗಂಟೆಗೆ ತೊತೆಗೆಗಿಯೆ ಬಿಟ್ಟವನು ಮೂರೂವರೆ ಗಂಟೆ ಹಾರಿ ಮಾತಾವೇರಿಯ ಗಡಿಯಾರದ ಪ್ರಕಾರ ಸಂಜೆ ನಾಲ್ಕೂವರೆಗೆ ಇಳಿಯುತ್ತಾನೆ. ಅಲ್ಲಿಂದ ಬೆಳಿಗ್ಗೆ 10 ಗಂಟೆಗೆ ಮರಳಿ ಹೊರಟರೆ ನಾಲ್ಕು ಗಂಟೆ ಹಾರಿಯೂ 11 ಗಂಟೆಗೆ ತಲುಪುತ್ತಾನೆ. ಚಿಲಿಯ ಬೇಸಿಗೆಯಲ್ಲಾದರೆ ಹೊರಟ ಗಳಿಗೆಯಲ್ಲಿಯೇ ಬಂದಿಳಿದಂತಾಗುತ್ತದೆ. ವೇಳಾಪಟ್ಟಿಯ ಹೊರಡುವ ವೇಳೆ ತಲುಪುವ ವೇಳೆಗಳನ್ನು ಕಳೆದು ಪಯಣಕಾಲವನ್ನು ತಿಳಿಯಲಾಗದು ಎಂಬುದಕ್ಕೆ ಇದು ನಿದರ್ಶನ.

4. ನಡೆಯುವ ದೂರ

ಮೇಲಿನ ವಿಮಾನ ಕಲ್ಪಿತವಾದುದು. ವಾಸ್ತವದಲ್ಲಿ ಮಾಂಗರೇವಾ ದ್ವೀಪದವನೊಬ್ಬ ರಾಪಾ ನುಯಿಗೆ ಹೋಗಬೇಕಾದರೆ ಮೊದಲು ಊರಾದ ರಿಕಿತೇಯಾದಿಂದ ದೋಣಿಯಲ್ಲಿ ತೊತೆಗೆಗಿಯೆಗೆ ಬರಬೇಕು. ಏಕೆಂದರೆ ಓಡುದಾರಿ ಇರುವುದು ಊರಿನಲ್ಲಲ್ಲ, ಹವಳದ ದಂಡೆಯ ಮೇಲಿನ ಕಿರುನಡುಗಡ್ಡೆಯಲ್ಲಿ. ಅಲ್ಲಿಂದ ವಿಮಾನ ಅವನನ್ನು ರಾಪಾ ನುಯಿಗೆ ಬೆನ್ನು ಮಾಡಿ ವಾಯವ್ಯಕ್ಕೆ, 1,650 ಕಿಲೋಮೀಟರು ದೂರದ ತಹಿತಿಯ ಪಪೆಯೇತೆಗೆ ಒಯ್ಯುತ್ತದೆ. ಅದೂ ವಾರದಲ್ಲಿ ಕೆಲವೇ ದಿನ. ಪಂಕದ ವಿಮಾನದಲ್ಲಿ ಮೂರೂವರೆಯಿಂದ ನಾಲ್ಕು ಗಂಟೆಗಳ ದಾರಿ.

ದಶಕಗಳ ಕಾಲ ಸಾಂತಿಯಾಗೊದಿಂದ ಮಾತಾವೇರಿಯ ಮೂಲಕ ಪಪೆಯೇತೆಗೆ ವಿಮಾನಸೇವೆ ಇದ್ದಿತು. 2020ರಲ್ಲಿ ಕೊರೊನಾ ಸಾಂಕ್ರಾಮಿಕದ ಸಮಯದಲ್ಲಿ ಅದು ನಿಂತಿತು. ಆ ಸೇವೆ ಇದ್ದ ಕಾಲದಲ್ಲಿ ನಮ್ಮ ಪಯಣಿಗ ಪಪೆಯೇತೆಯಿಂದ 4,250 ಕಿಲೋಮೀಟರು ಹಾರಿ ಮಾತಾವೇರಿ ಸೇರಬಹುದಾಗಿತ್ತು. ಒಟ್ಟು 5,900 ಕಿಲೋಮೀಟರು, ನೇರ ದೂರದ ಎರಡೂಕಾಲು ಪಟ್ಟು. ಆ ಸೇವೆ ಇಲ್ಲದಿರುವಾಗ ಅವನು ಶಾಂತಸಾಗರವನ್ನೇ ಸುತ್ತಬೇಕಾಗುತ್ತದೆ. ಪಪೆಯೇತೆಯಿಂದ ನ್ಯೂಜಿಲೆಂಡಿನ ಆಕ್ಲೆಂಡಿಗೆ ಸುಮಾರು 4,100 ಕಿಲೋಮೀಟರು. ಆಕ್ಲೆಂಡಿನಿಂದ ಸಾಂತಿಯಾಗೊಗೆ 9,650. ಅಲ್ಲಿಂದ ಹಿಂದಕ್ಕೆ ಮಾತಾವೇರಿಗೆ 3,750. ಮೊದಲಿನ 1,650 ಸೇರಿದರೆ ಒಟ್ಟು 19,000 ಕಿಲೋಮೀಟರುಗಳನ್ನು ಮೀರುತ್ತದೆ. ಇದು ನೇರ ದೂರದ ಏಳು ಪಟ್ಟಿಗೂ ಹೆಚ್ಚು. ಭೂಮಿಯ ಸುತ್ತಳತೆಯ ಸುಮಾರು ಅರ್ಧ. ಗಗನದಲ್ಲಿ ಕಳೆಯುವ ಕಾಲವೇ ಒಂದು ಹಗಲು ಒಂದು ರಾತ್ರಿಯನ್ನು ಮೀರುತ್ತದೆ. ನಿಲ್ದಾಣಗಳಲ್ಲಿ ಕಾಯುವ ಕಾಲವನ್ನು ಸೇರಿಸಿದರೆ ಲೆಕ್ಕ ದಿನಗಳಲ್ಲಿಯೇ ಆಗಬೇಕು. ಈ ದಾರಿಯಲ್ಲಿ ಅಂತರರಾಷ್ಟ್ರೀಯ ದಿನರೇಖೆಯನ್ನು ಎರಡು ಬಾರಿ ದಾಟಬೇಕಾಗುವುದರಿಂದ ಒಂದು ದಿನವನ್ನು ಕಳೆದುಕೊಂಡು ಮತ್ತೆ ಗಳಿಸಿದಂತೆಯೂ ಆಗುತ್ತದೆ.

ನೇರ ಹಾರಾಟಕ್ಕೆ ತಾಂತ್ರಿಕ ತೊಡಕುಗಳಿಲ್ಲವೆಂದಲ್ಲ. ತೊತೆಗೆಗಿಯೆಗೆ ಬರುವ ಪಂಕದ ವಿಮಾನಗಳು ಪೂರ್ಣ ಪ್ರಯಾಣಿಕರೊಂದಿಗೆ 2,600 ಕಿಲೋಮೀಟರು ಹಾರಲಾರವು. ದೊಡ್ಡ ಜೆಟ್ಟುಗಳಿಗೆ ಅಲ್ಲಿಯ ಓಡುದಾರಿ ಸಾಲದು. ಅದಕ್ಕಿಂತ ಮುಖ್ಯವಾದುದು ಪರ್ಯಾಯ ನಿಲ್ದಾಣದ ಪ್ರಶ್ನೆ. ಯಾವುದೇ ವಿಮಾನ ತಾನು ತಲುಪಬೇಕಾದ ಕಡೆ ಇಳಿಯಲಾಗದಿದ್ದರೆ ಬೇರೆಡೆಗೆ ಹೋಗುವಷ್ಟು ಇಂಧನವನ್ನು ಇರಿಸಿಕೊಂಡಿರಬೇಕು. ಮಾತಾವೇರಿಗೆ ಅಂಥ ನೆರೆಯ ನಿಲ್ದಾಣವೇ ಇಲ್ಲ. ಹತ್ತಿರವೆಂದರೆ ತೊತೆಗೆಗಿಯೆಯೇ! ಆದ್ದರಿಂದ ಅಲ್ಲಿಗೆ ಹೋಗುವ ವಿಮಾನ ಹೆಚ್ಚುವರಿ ಇಂಧನವನ್ನು ಹೊತ್ತು ಹಾರುತ್ತದೆ. ದಾರಿಯಲ್ಲಿ ಒಂದು ಬಿಂದುವನ್ನು ದಾಟಿದ ಮೇಲೆ ಅದು ಹಿಂದಿರುಗುವಂತಿಲ್ಲ. ಎರಡರ ನಡುವೆ ಜನವಸತಿಯಿರುವುದು ಪಿಟ್‌ಕೇರ್ನ್ ದ್ವೀಪ ಒಂದರಲ್ಲಿ, ಅಲ್ಲಿ ನಿಲ್ದಾಣವಿಲ್ಲ. ಅಲ್ಲಿಯ ಜನರೇ ಹೊರಜಗತ್ತನ್ನು ಸೇರಲು ಹಡಗಿನಲ್ಲಿ ಮಾಂಗರೇವಾಕ್ಕೆ ಬರುತ್ತಾರೆ.

ಆದರೆ ತಾಂತ್ರಿಕ ಕಾರಣಗಳಷ್ಟೇ ಈ ದೂರವನ್ನು ವಿವರಿಸಲಾರವು. ಇವಕ್ಕಿಂತ ಹೆಚ್ಚು ದೂರದ ಹಾದಿಗಳಲ್ಲಿ ವಿಮಾನಗಳು ಹಾರುತ್ತಿವೆ. 1881ರಲ್ಲಿ ಗ್ಯಾಂಬಿಯರ್ ದ್ವೀಪಗಳನ್ನು ಫ್ರಾನ್ಸ್ ತನ್ನದಾಗಿಸಿಕೊಂಡಿತು; 1888ರಲ್ಲಿ ರಾಪಾ ನುಯಿಯನ್ನು ಚಿಲಿ ಸೇರಿಸಿಕೊಂಡಿತು. ಅಂದಿನಿಂದ ಒಂದರ ದಾರಿ ಪಪೆಯೇತೆಗೆ, ಇನ್ನೊಂದರ ದಾರಿ ಸಾಂತಿಯಾಗೊಗೆ. ವಿಮಾನಗಳು ಈ ಹಳೆಯ ಆಡಳಿತದ ಗೆರೆಗಳನ್ನೇ ಅನುಸರಿಸಿವೆ. ಓಡುದಾರಿಗಳ ಇತಿಹಾಸವೂ ಇದನ್ನು ಸಮರ್ಥಿಸುತ್ತದೆ. ತೊತೆಗೆಗಿಯೆಯ ಓಡುದಾರಿ 1960ರ ದಶಕದ್ದು. ಮಾಂಗರೇವಾದಿಂದ ಸುಮಾರು 400 ಕಿಲೋಮೀಟರು ದೂರದ ಮೊರುರೋವಾದಲ್ಲಿ 1966ರಲ್ಲಿ ಆರಂಭವಾದ ಫ್ರಾನ್ಸಿನ ಪರಮಾಣು ಪರೀಕ್ಷೆಗಳ ಕಾಲದ ನಿರ್ಮಾಣ ಅದು. ಅದೇ ವರ್ಷದ ಜುಲೈನಲ್ಲಿ ನಡೆದ ಮೊದಲ ಸ್ಫೋಟದ ವಿಕಿರಣಧೂಳು ಮಾಂಗರೇವಾದ ಮೇಲೂ ಬಿದ್ದಿತು. ಮಾತಾವೇರಿಯ ಓಡುದಾರಿಯನ್ನು 1987ರಲ್ಲಿ 3,300 ಮೀಟರುಗಳಿಗೂ ಮಿಕ್ಕಿ ಬೆಳೆಸಿದ್ದು ಅಮೆರಿಕದ ಬಾಹ್ಯಾಕಾಶ ನೌಕೆ ಆಪತ್ತಿನಲ್ಲಿ ಇಳಿಯಲೆಂದು. ಆ ನೌಕೆ ಅಲ್ಲಿ ಎಂದೂ ಇಳಿಯಲಿಲ್ಲ. ಒಂದು ದ್ವೀಪದವರು ಇನ್ನೊಂದು ದ್ವೀಪದವರನ್ನು ಕಾಣಲೆಂದು ಇವೆರಡರಲ್ಲಿ ಯಾವುದನ್ನೂ ಕಟ್ಟಲಿಲ್ಲ.

5. ಕಥನದ ದೂರ

ಈ ಎರಡು ದ್ವೀಪಗಳ ನಂಟು ಜನಪದ ಕಥನಗಳಲ್ಲಿ ಬೇರೆಯೇ ರೂಪದಲ್ಲಿದೆ. ರಾಪಾ ನುಯಿಯ ಮೂಲಪುರುಷ ಹೊತು ಮತುಆ ಹಿವಾ ಎಂಬ ನಾಡಿನಿಂದ ಬಂದನೆಂಬುದು ಅಲ್ಲಿಯ ಐತಿಹ್ಯ. ಅವನು ಹೊರಡುವ ಮುನ್ನ ಹೌ ಮಕ ಎಂಬ ಜ್ಞಾನಿ ಕನಸು ಕಂಡ. ಕನಸಿನಲ್ಲಿ ಅವನ ಆತ್ಮ ಕಡಲ ಮೇಲೆ ಸಾಗಿ ಈ ದ್ವೀಪವನ್ನು ಕಂಡು, ಸುತ್ತಿ, ಅದರ ತಾಣಗಳಿಗೆ ಹೆಸರಿಟ್ಟು ಮರಳಿತು. ಆ ಬಳಿಕ ಅನ್ವೇಷಕರ ತಂಡ ಹೋಯಿತು. ಅದರ ತರುವಾಯ ಹೊತು ಮತುಆನ ಜೋಡಿದೋಣಿ ಅನಕೇನ ತೀರಕ್ಕೆ ಬಂದು ಮುಟ್ಟಿತು. ಈ ಕಥನದಲ್ಲಿ ಒಂದೇ ದಾರಿಯನ್ನು ಆತ್ಮ, ದೂತರು, ಜನ ಎಂದು ಮೂರು ಬಾರಿ ಕ್ರಮಿಸಲಾಗಿದೆ. ಆತ್ಮಕ್ಕೆ ಒಂದು ರಾತ್ರಿ ಸಾಕಾಯಿತು. ಜನರಿಗೆ ಸಿದ್ಧತೆ, ಬೀಜ, ಗೆಡ್ಡೆ, ಕೋಳಿ ಎಲ್ಲವೂ ಬೇಕಾದವು. ಲೆಕ್ಕದ ದೂರಕ್ಕೂ ನಡೆಯುವ ದೂರಕ್ಕೂ ಇರುವ ಭೇದವನ್ನು ಈ ಐತಿಹ್ಯ ತನ್ನದೇ ಬಗೆಯಲ್ಲಿ ಬಲ್ಲದು ಎನ್ನಬಹುದು.

ಹಿವಾ ಎಲ್ಲಿಯದೆಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಮಾರ್ಕೇಸಸ್ ಎಂದು ಕೆಲವರು ಹೇಳಿದರೆ, ಮಾಂಗರೇವಾ ಮತ್ತು ಅದರ ನೆರೆಯ ದ್ವೀಪಗಳ ಮೂಲಕವೇ ಈ ವಲಸೆ ನಡೆದಿರಬೇಕೆಂಬುದು ಹಲವರ ಅಭಿಮತ. 1934ರಲ್ಲಿ ಪೀಟರ್ ಬಕ್ ಮಾಂಗರೇವಾದಲ್ಲಿಯೂ, ಅದೇ ವರ್ಷ ಆರಂಭವಾದ ಇನ್ನೊಂದು ತಂಡದೊಂದಿಗೆ ಆಲ್‌ಫ್ರೆಡ್ ಮೆತ್ರೊ ರಾಪಾ ನುಯಿಯಲ್ಲಿಯೂ ಐತಿಹ್ಯಗಳನ್ನು ಸಂಗ್ರಹಿಸಿದರು. ಇಬ್ಬರ ಗ್ರಂಥಗಳೂ ಹವಾಯಿಯ ಬಿಷಪ್ ಮ್ಯೂಸಿಯಂನಿಂದ ಕ್ರಮವಾಗಿ 1938 ಮತ್ತು 1940ರಲ್ಲಿ ಪ್ರಕಟವಾದವು. ಎರಡು ದ್ವೀಪಗಳ ನೆನಪುಗಳು ಪರಸ್ಪರ ಸಂಧಿಸಿದ್ದು ಮೂರನೆಯ ದ್ವೀಪವೊಂದರ ಗ್ರಂಥಮಾಲೆಯಲ್ಲಿ!

ಈ ಕಡಲದಾರಿ ಸಾಧ್ಯವೇ ಎಂಬ ಪ್ರಶ್ನೆಗೆ 1999ರಲ್ಲಿ ಪ್ರಾಯೋಗಿಕ ಉತ್ತರ ದೊರೆಯಿತು. ಹವಾಯಿಯ ಜೋಡಿದೋಣಿ ಹೋಕೂಲೆಆ ಯಾವ ಉಪಕರಣವನ್ನೂ ಬಳಸದೆ, ನಕ್ಷತ್ರ, ಅಲೆ, ಗಾಳಿ, ಹಕ್ಕಿಗಳನ್ನೇ ನೆಚ್ಚಿ ಮಾಂಗರೇವಾದಿಂದ ರಾಪಾ ನುಯಿಗೆ ಹೊರಟಿತು. ಅದರ ದಾರಿಗಾರ ನೈನೋವಾ ಥಾಮ್ಸನ್. ಆತನಿಗೆ ಈ ವಿದ್ಯೆಯನ್ನು ಕಲಿಸಿದವರಲ್ಲಿ ಪ್ರಮುಖರು ಮೈಕ್ರೊನೇಷ್ಯಾದ ಸತವಾಲ್ ದ್ವೀಪದ ಮೌ ಪಿಯಾಯ್ಲುಗ್. ಈ ಭಾಗದಲ್ಲಿ ಕಡಲಮಟ್ಟದ ವಾಣಿಜ್ಯ ಮಾರುತ ಆಗ್ನೇಯದಿಂದ ಬೀಸುವುದರಿಂದ ಪೂರ್ವಕ್ಕೆ ಹೋಗುವುದೆಂದರೆ ಎದುರುಗಾಳಿಯ ಪಯಣ. ಆದ್ದರಿಂದ ತಿಂಗಳಿಗೂ ಹೆಚ್ಚು ಕಾಲ ಬೇಕಾಗಬಹುದೆಂದು ಎಣಿಸಲಾಗಿತ್ತು. ಗಾಳಿ ಒಲಿದುದರಿಂದ ದೋಣಿ 17 ದಿನಗಳಲ್ಲಿ ತಲುಪಿತು. ಮುಗಿಲೆತ್ತರದಲ್ಲಿ ಪೂರ್ವಕ್ಕೆ ನೂಕುವ ಗಾಳಿ, ಕಡಲಮಟ್ಟದಲ್ಲಿ ಹಿಂದಕ್ಕೆ ತಳ್ಳುವ ಗಾಳಿ: ಒಂದೇ ದಾರಿಯ ಏರು ಇಳಿತಗಳು ವಿಮಾನಕ್ಕೊಂದು ಬಗೆ, ದೋಣಿಗೊಂದು ಬಗೆ.

ಈ ನಂಟಿಗೆ ದುಃಖದ ಅಧ್ಯಾಯವೂ ಇದೆ. 1862–63ರಲ್ಲಿ ಪೆರುವಿನಿಂದ ಬಂದ ಗುಲಾಮ ವ್ಯಾಪಾರಿಗಳು ರಾಪಾ ನುಯಿಯ ಸಾವಿರಕ್ಕೂ ಹೆಚ್ಚು ಜನರನ್ನು ಹೊತ್ತೊಯ್ದರು. ಬದುಕಿ ಮರಳಿದ ಕೆಲವರೊಂದಿಗೆ ಸಿಡುಬು ಬಂದಿತು. 1871ರಲ್ಲಿ ಕ್ರೈಸ್ತ ಮಿಷನರಿಗಳು ದ್ವೀಪವನ್ನು ತೊರೆದಾಗ ಅವರೊಂದಿಗೆ ಬಹುಸಂಖ್ಯೆಯ ದ್ವೀಪವಾಸಿಗಳು ಹೋದದ್ದು ಇದೇ ಗ್ಯಾಂಬಿಯರ್ ದ್ವೀಪಗಳಿಗೆ. 1877ರ ವೇಳೆಗೆ ರಾಪಾ ನುಯಿಯಲ್ಲಿ ಉಳಿದವರು 111 ಮಂದಿ. ಐತಿಹ್ಯದಲ್ಲಿ ಪೂರ್ವಿಕರು ಬಂದ ದಿಕ್ಕಿಗೇ ಅವರ ವಂಶಜರು ನಿರಾಶ್ರಿತರಾಗಿ ಮರಳಬೇಕಾಯಿತು.

6. ಹಕ್ಕಿಯ ಹೆಸರು

ಮಾತಾವೇರಿ ಎಂಬ ತಾಣದ ಹಿನ್ನೆಲೆಯನ್ನೂ ಇಲ್ಲಿ ಪ್ರಸ್ತಾಪಿಸಬೇಕು. ರಾನೊ ಕೌ ಎಂಬ ಜ್ವಾಲಾಮುಖಿಯ ತಪ್ಪಲಿನ ಈ ಬಯಲಿನಲ್ಲಿಯೇ ಹಿಂದೆ ‘ತಂಗತಾ ಮನು’ ಅಥವಾ ಹಕ್ಕಿಮಾನವನ ಆಚರಣೆಗೆ ಕುಲಗಳು ನೆರೆಯುತ್ತಿದ್ದವು. ಅಲ್ಲಿಂದ ಮೇಲಿನ ಒರೊಂಗೊಗೆ ಏರಿ, ಕಡಲಹಕ್ಕಿಗಳ ಬರವಿಗಾಗಿ ಕಾಯುತ್ತಿದ್ದರು. ಪ್ರತಿನಿಧಿಗಳು ಈಜಿ ಮೋತು ನುಯಿ ಎಂಬ ನಡುಗಡ್ಡೆಗೆ ಹೋಗಿ ‘ಮನು ತಾರ’ ಹಕ್ಕಿಯ ಮೊದಲ ಮೊಟ್ಟೆಯನ್ನು ತರಬೇಕು. ಯಾರ ಕಡೆಯವನು ತಂದನೋ ಅವನೇ ಆ ವರ್ಷದ ಹಕ್ಕಿಮಾನವ. 1860ರ ದಶಕದ ವಿನಾಶದೊಂದಿಗೆ ಈ ಆಚರಣೆ ನಿಂತಿತು.

ತರುವಾಯದ ದಶಕಗಳಲ್ಲಿ ದ್ವೀಪವಿಡೀ ಕುರಿ ಸಾಕಣೆಯ ಸಂಸ್ಥೆಯೊಂದರ ವಶದಲ್ಲಿದ್ದು, ಹಡಗು ಬರುತ್ತಿದ್ದುದು ವರ್ಷಕ್ಕೊಮ್ಮೆ ಎಂಬಷ್ಟು ವಿರಳವಾಗಿ. 1951ರ ಜನವರಿಯಲ್ಲಿ ರೊಬೆರ್ತೊ ಪರಾಗೆ ಎಂಬ ಚಿಲಿಯ ವೈಮಾನಿಕ ಲಾ ಸೆರೇನಾದಿಂದ ಹೊರಟು, 19 ಗಂಟೆಗಳಿಗೂ ಹೆಚ್ಚು ಕಾಲ ಹಾರಿ, ಚಿಲಿಯಿಂದ ಮೊದಲ ಬಾರಿಗೆ ವಿಮಾನವನ್ನು ಈ ದ್ವೀಪಕ್ಕೆ ತಂದನು. ಕ್ಯಾಟಲಿನಾ ವರ್ಗದ ಆ ವಿಮಾನದ ಹೆಸರು ‘ಮನುತಾರ’. ಕುಲಗಳು ಹಕ್ಕಿಗಾಗಿ ನೆರೆಯುತ್ತಿದ್ದ ಬಯಲಿಗೆ ಹಕ್ಕಿಯ ಹೆಸರಿನ ವಿಮಾನ ಬಂದಿತು. 1967ರಲ್ಲಿ ವಾಣಿಜ್ಯ ಸೇವೆ ಮೊದಲಾಯಿತು.

ಆದರೆ ಪಯಣಕಾಲ ಕಿರಿದಾದುದು ಶಾಶ್ವತವಾಗಿಯಲ್ಲ. 2020ರ ಮಾರ್ಚಿನಿಂದ 2022ರ ಆಗಸ್ಟ್‌ವರೆಗೆ ದ್ವೀಪ ಹೊರಗಿನ ಪ್ರವಾಸಿಗರಿಗೆ ಮುಚ್ಚಿತ್ತು. ದ್ವೀಪವಾಸಿಗಳು ರೋಗದಿಂದ ತಮ್ಮನ್ನು ಕಾಯ್ದುಕೊಳ್ಳುವ ಈ ಕ್ರಮವನ್ನು ‘ತಪು’ ಎಂಬ ತಮ್ಮ ಹಳೆಯ ನಿಷೇಧದ ಮಾತಿನಿಂದಲೇ ಗುರುತಿಸಿದರು. ಸಿಡುಬಿನ ನೆನಪುಳ್ಳ ಜನರಿಗೆ ದೂರವೇ ರಕ್ಷಣೆಯೂ ಆಗಬಲ್ಲದು. ಆ ಅವಧಿಯಲ್ಲಿ 3,750 ಕಿಲೋಮೀಟರು ಎಂಬ ಅಂಕಿ ಬದಲಾಗಲಿಲ್ಲ. ಅದರ ಅರ್ಥ ಮಾತ್ರ ಪೂರ್ತಿಯಾಗಿ ಬದಲಾಯಿತು.

7. ಸಮಾರೋಪ

ಮೇಲಿನ ವಿವೇಚನೆಯಿಂದ ತೊತೆಗೆಗಿಯೆ–ಮಾತಾವೇರಿಗಳ ನಡುವೆ ಹಲವು ದೂರಗಳಿವೆ ಎಂಬುದು ಸ್ಪಷ್ಟವಾಗುತ್ತದೆ. ಗಣಿತದ ದೂರ 2,600 ಕಿಲೋಮೀಟರು, ಮೂರೂವರೆ ಗಂಟೆ. ದೋಣಿಯ ದೂರ ಗಾಳಿ ಒಲಿದರೆ 17 ದಿನ. ನೇರ ಸೇವೆಯಿಲ್ಲದ ಕಾಲದಲ್ಲಿ ವಿಮಾನದ ದೂರ 19,000 ಕಿಲೋಮೀಟರು, ಹಲವು ದಿನ, ಮೂರು ದೇಶಗಳ ಅನುಮತಿ. ವಿಮಾನ ಎಲ್ಲ ದೂರಗಳನ್ನೂ ಸಮನಾಗಿ ಕಿರಿದಾಗಿಸಲಿಲ್ಲ. ಅದು ಪ್ರತಿ ದ್ವೀಪವನ್ನೂ ಅದರ ರಾಜಧಾನಿಗೆ ಹತ್ತಿರ ತಂದಿತು, ನೆರೆಯವರನ್ನು ಇದ್ದಲ್ಲಿಯೇ ಬಿಟ್ಟಿತು.

ಇದರಿಂದ ಜಾನಪದ ಅಧ್ಯಯನಕ್ಕೆ ಒಂದು ಪಾಠವಿದೆ. ಕಥೆ ಹಾಡುಗಳ ಪ್ರಸರಣವನ್ನು ಚರ್ಚಿಸುವಾಗ ನಾವು ಭೂಪಟದ ಮೇಲೆ ನೇರಗೆರೆ ಎಳೆದು, ಹತ್ತಿರದ ಊರುಗಳಲ್ಲಿ ಹೋಲಿಕೆಯನ್ನೂ ದೂರದ ಊರುಗಳಲ್ಲಿ ಭೇದವನ್ನೂ ನಿರೀಕ್ಷಿಸುತ್ತೇವೆ. ನಮ್ಮ ಸಂಗ್ರಹಗಳಲ್ಲಿ ಊರಿನ ಹೆಸರು, ತಾಲ್ಲೂಕು, ಜಿಲ್ಲಾ ಕೇಂದ್ರದಿಂದ ಇರುವ ಕಿಲೋಮೀಟರುಗಳನ್ನು ನಮೂದಿಸುವುದುಂಟು. ಆ ಊರಿನವರು ಹೆಣ್ಣು ತರಲು, ಜಾತ್ರೆಗೆ, ಸಂತೆಗೆ ಯಾವ ದಾರಿಯಲ್ಲಿ ಹೋಗುತ್ತಿದ್ದರು, ಎಷ್ಟು ಹೊತ್ತು ಹಿಡಿಯುತ್ತಿತ್ತು, ಆ ದಾರಿ ಯಾವಾಗ ಯಾವ ಕಾರಣದಿಂದ ಮುಚ್ಚಿತು ಎಂಬುದನ್ನು ನಮೂದಿಸುವುದು ವಿರಳ. ಒಂದು ಅಣೆಕಟ್ಟಿನ ಹಿನ್ನೀರು, ಒಂದು ಹೊಸ ಹೆದ್ದಾರಿ, ಒಂದು ರಾಜ್ಯದ ಗಡಿ ಕೂಗಳತೆಯ ಊರುಗಳನ್ನು ದಿನದ ದಾರಿಯಾಗಿಸಿರುವ ನಿದರ್ಶನಗಳು ನಮ್ಮಲ್ಲಿಯೂ ಇವೆ. ಆ ನೆನಪುಳ್ಳ ಹಿರಿಯರು ಇರುವಾಗಲೇ ಅವನ್ನು ದಾಖಲಿಸುವುದು ಕ್ಷೇತ್ರಕಾರ್ಯದ ತುರ್ತು. ಎಷ್ಟು ದೂರ ಎಂದು ಕೇಳುವವನು ಹೋಗುವಾಗಲೋ ಬರುವಾಗಲೋ, ಹೊರೆಯಿದೆಯೋ ಇಲ್ಲವೋ ಎಂಬುದನ್ನೂ ಕೇಳಿ ಬರೆದುಕೊಳ್ಳಬೇಕು.